ತೋಟದ ಯಂತ್ರಗಳಿಗೂ ಬೇಕು ಹಾಜರಿ ಪುಸ್ತಕ

ಗುಬ್ಬಿ ತಾಲ್ಲೂಕಿನಲ್ಲಿ ನಲವತ್ತು ಎಕರೆಯ ತೆಂಗು, ಅಡಿಕೆ ತೋಟವೊಂದರ ಉಸ್ತುವಾರಿ ನನ್ನದು. ಟ್ರ್ಯಾಕ್ಟರ್ ಒಂದು, ಪವರ್ ಟಿಲ್ಲರ್ ಎರಡು, ಕಳೆ ಕತ್ತರಿಸುವ ಬ್ರಷ್ ಕಟರ್ ಆರು, ಔಷಧಿ ಹೊಡೆಯುವ ಪಂಪು ಮೂರು, ಗರಿ ಪುಡಿ ಮಾಡುವ ಯಂತ್ರ ಒಂದು. ಮೊದಲೆರಡು ವರ್ಷ ಇವುಗಳಲ್ಲಿ ಅರ್ಧ ಸದಾ ರಿಪೇರಿಯಲ್ಲೇ ಇರುತ್ತಿದ್ದವು. ಕೆಲಸ ಹೆಚ್ಚಾಗಿ ಕೆಟ್ಟಿದ್ದಲ್ಲ. ಎಲ್ಲರೂ ಬಳಸುತ್ತಿದ್ದರು, ಯಾರೂ ನೋಡಿಕೊಳ್ಳುತ್ತಿರಲಿಲ್ಲ.

ಹಾಗಾಗಿ ಮೊದಲ ಕೆಲಸ, ಬಣ್ಣದ ಡಬ್ಬಿ ಹಿಡಿದು ಪ್ರತಿ ಯಂತ್ರಕ್ಕೂ ನಂಬರ್ ಬರೆಯುವುದು, ಪ್ರತಿ ನಂಬರಿಗೂ ಒಬ್ಬ ಆಳನ್ನು ಗೊತ್ತು ಮಾಡುವುದು. ‘ಕಟರ್ ಕೆಟ್ಟಿದೆ’ ಎಂದರೆ ಏನೂ ತಿಳಿಯದು. ‘ನಾಲ್ಕನೆಯದು ಎಷ್ಟು ಹಗ್ಗ ಎಳೆದರೂ ಸ್ಟಾರ್ಟ್ ಆಗುತ್ತಿಲ್ಲ ಅಣ್ಣ’ ಎಂದರೆ ಅಲ್ಲಿಂದ ಕೆಲಸ ಶುರುವಾಗುತ್ತದೆ.

ಎರಡನೆಯದು ಪುಸ್ತಕ. ಶೆಡ್ಡಿನ ಬಾಗಿಲಿಗೆ ದಾರ ಕಟ್ಟಿ ತೂಗುಹಾಕಿ. ಪೆನ್ಸಿಲ್ ಕೂಡ ಕಟ್ಟಿರಿ, ಇಲ್ಲದಿದ್ದರೆ ಮರುದಿನ ಇರುವುದಿಲ್ಲ. ಯಂತ್ರದ ವಯಸ್ಸನ್ನು ತಿಂಗಳಲ್ಲಿ ಅಳೆಯಬೇಡಿ, ಓಡಿದ ಗಂಟೆಯಲ್ಲಿ ಅಳೆಯಿರಿ. ಟ್ರ್ಯಾಕ್ಟರಿನಲ್ಲಿ ಗಂಟೆ ತೋರಿಸುವ ಮೀಟರ್ ಇದೆ; ಎಂಜಿನ್ ಆಯಿಲ್ ಬದಲಿಸಲು ಹಲವು ಕೈಪಿಡಿಗಳು 250 ಗಂಟೆಯ ಲೆಕ್ಕ ಕೊಡುತ್ತವೆ. ನಮ್ಮ ಬ್ರಷ್ ಕಟರ್‌ಗಳಿಗೆ ಮೀಟರ್ ಇಲ್ಲ. ಅದಕ್ಕೆ ನಾನು ಕಂಡುಕೊಂಡ ಉಪಾಯ, ಯಾವ ನಂಬರ್ ಎಷ್ಟು ಲೀಟರ್ ಕುಡಿಯಿತು ಎಂದು ಬರೆಯುವುದು. ಅದೇ ಅದರ ಮೀಟರ್. ಅದೇ ಕೆಲಸಕ್ಕೆ ಒಂದು ಕಟರ್ ಇದ್ದಕ್ಕಿದ್ದಂತೆ ಹೆಚ್ಚು ಕುಡಿಯತೊಡಗಿದರೆ ಏರ್ ಫಿಲ್ಟರ್ ಕಟ್ಟಿರಬಹುದು, ಇಲ್ಲವೇ ಪೆಟ್ರೋಲ್ ಯಾರದೋ ಬೈಕಿಗೆ ಹೋಗುತ್ತಿರಬಹುದು.

ಹೆಚ್ಚು ಯಂತ್ರಗಳು ಸಾಯುವುದು ಪೆಟ್ರೋಲ್ ಡಬ್ಬಿಯ ಹತ್ತಿರ. ನಮ್ಮ ಆರರಲ್ಲಿ ನಾಲ್ಕು ಟೂ ಸ್ಟ್ರೋಕ್, ಎರಡು ಫೋರ್ ಸ್ಟ್ರೋಕ್. ಟೂ ಸ್ಟ್ರೋಕಿಗೆ ಪೆಟ್ರೋಲಿನಲ್ಲೇ ಟೂಟಿ ಆಯಿಲ್ ಬೆರೆಸಬೇಕು. ಕೈಪಿಡಿಯಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ, ಐದು ಲೀಟರ್ ಡಬ್ಬಿಗೆ 100 ಮಿಲಿ. 25ಕ್ಕೆ 1 ಎಂದಿದ್ದರೆ ಇದರ ಎರಡರಷ್ಟು. ‘ಒಂದು ಮುಚ್ಚಳ’ ಎಂಬ ಅಳತೆಯನ್ನು ನಂಬಬೇಡಿ. ಔಷಧಿ ಅಂಗಡಿಯ ಸಿರಿಂಜ್ ತನ್ನಿ. ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಸ್ವಲ್ಪ ಹೊತ್ತಿನಲ್ಲೇ ಕಚ್ಚಿಕೊಳ್ಳುತ್ತದೆ. ಬೆರೆಸಿದ್ದಕ್ಕೆ ಕೆಂಪು ಡಬ್ಬಿ, ಬರೀ ಪೆಟ್ರೋಲಿಗೆ ಬಿಳಿ ಡಬ್ಬಿ ಇಟ್ಟು, ಯಂತ್ರದ ಟ್ಯಾಂಕಿನ ಮುಚ್ಚಳಕ್ಕೂ ಅದೇ ಬಣ್ಣ ಬಳಿದ ಮೇಲೆ ನಮ್ಮಲ್ಲಿ ತಪ್ಪು ನಿಂತಿತು. ಓದು ಬಾರದವರಿಗೂ ಬಣ್ಣ ತಿಳಿಯುತ್ತದೆ.

ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ಅದು ತೇವ ಹೀರುತ್ತದೆ. ತಿಂಗಳಿಗೆ ಬೇಕಾದುದಕ್ಕಿಂತ ಹೆಚ್ಚು ಬೆರೆಸಿಡಬೇಡಿ. ಕಳೆ ಇಲ್ಲದ ಬೇಸಿಗೆಯಲ್ಲಿ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಕಾರ್ಬೊರೇಟರ್ ಒಣಗಿಸಿಯೇ ಒಳಗಿಡಿ.

ನಮ್ಮ ಕಡೆಯ ಕೆಮ್ಮಣ್ಣಿನ ಧೂಳು ಏರ್ ಫಿಲ್ಟರನ್ನು ದಿನಕ್ಕೊಮ್ಮೆ ನೋಡುವಂತೆ ಮಾಡುತ್ತದೆ. ಸ್ಪಂಜಿನದಾದರೆ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಕಾಗದದ್ದಕ್ಕೆ ನೀರು ತಾಗಿಸಬೇಡಿ. ಕಟರ್ ತಲೆಯೊಳಗಿನ ಗೇರಿಗೆ ಗ್ರೀಸ್ ಬೇಕೆಂಬುದನ್ನು ಎಲ್ಲರೂ ಮರೆಯುತ್ತಾರೆ. ಡ್ರಿಪ್ ಪೈಪಿನ ಹತ್ತಿರ ಬ್ಲೇಡ್ ಬೇಡ, ನೈಲಾನ್ ದಾರವೂ ಬೇಡ, ಕುಡುಗೋಲೇ ಸರಿ.

ಟ್ರ್ಯಾಕ್ಟರಿನ ಹಿಂದೆ ಜೋಡಿಸಿದ ಯಂತ್ರವನ್ನು ತಿರುಗಿಸುವ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಎಂದರೆ ಸೆಕೆಂಡಿಗೆ ಒಂಬತ್ತು. ಹೆಗಲ ಟವೆಲಿನ ಅಂಚು ಸಿಕ್ಕರೆ ಕೈ ಎಳೆದುಕೊಳ್ಳಲು ಸಮಯವಿರುವುದಿಲ್ಲ. ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಆ ದಿನ ಮಣ್ಣು ಪುಡಿ ಮಾಡುವ ರೋಟವೇಟರ್ ಇಳಿಸಬೇಡಿ. ಈ ವಿಷಯದಲ್ಲಿ ಆಳುಗಳೊಂದಿಗೆ ಜಗಳವಾದರೂ ಸರಿ.

ವರ್ಷಕ್ಕೆ ನಾಲ್ಕೈದು ದಿನ ಮಾತ್ರ ಬೇಕಾಗುವುದನ್ನು ಕೊಳ್ಳಬೇಡಿ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಕೇಳಿ. ದೊಡ್ಡ ರಿಪೇರಿಗಳನ್ನು ಯುಗಾದಿಯೊಳಗೆ ಮುಗಿಸಿಕೊಳ್ಳಿ. ಮೊದಲ ಮಳೆ ಬಿದ್ದ ಮರುದಿನ ಮೆಕ್ಯಾನಿಕ್ ಅಂಗಡಿಯ ಮುಂದೆ ನಿಮ್ಮ ಟಿಲ್ಲರ್ ಹನ್ನೆರಡನೆಯದಾಗಿ ನಿಂತಿರುತ್ತದೆ.

ಇನ್ನು ಆಯುಧ ಪೂಜೆ. ಕೆಲವು ಯಂತ್ರಗಳು ವರ್ಷಕ್ಕೊಮ್ಮೆ ನೀರು ಕಾಣುವುದು ಅಂದೇ, ಅದೂ ಪೈಪಿನ ರಭಸದಲ್ಲಿ. ತೊಳೆಯುವ ಮುನ್ನ ಏರ್ ಫಿಲ್ಟರಿಗೂ ಹೊಗೆ ಕೊಳವೆಗೂ ಪ್ಲಾಸ್ಟಿಕ್ ಚೀಲ ಕಟ್ಟಿ. ಕಟ್ಟಿದ್ದನ್ನು ಬಿಚ್ಚುವುದೂ ನೆನಪಿರಲಿ. ಒಂದು ವರ್ಷ ಕುಂಬಳಕಾಯಿ ಒಡೆದು, ನಿಂಬೆಹಣ್ಣು ಇಟ್ಟು, ಹೂವು ಮುಡಿಸಿದ ಎರಡನೇ ನಂಬರಿನ ಹಗ್ಗವನ್ನು ಮೂವರು ಸರದಿಯಲ್ಲಿ ಅರ್ಧ ಗಂಟೆ ಎಳೆದೆವು. ಚೀಲ ಚೆಂಡುಹೂವಿನ ಹಾರದ ಕೆಳಗಿತ್ತು.