ದಿನಾ ನೀರು ಹಾಕೋದು ನಿಲ್ಲಿಸಿದೆ, ಕೈತೋಟ ಉಳಿಯಿತು

"ದಿನಾ ನೀರು ಹಾಕದಿದ್ರೆ ಬೇಸಿಗೆಯಲ್ಲಿ ಎಲ್ಲಾ ಒಣಗಿ ಕಡ್ಡಿ ಆಗುತ್ತೆ ನೋಡು" ಅಂದವರೇ ಈ ಸಲ ನನ್ನ ಕಣಗಿಲೆಯ ಕಡ್ಡಿ ಕೇಳಿಕೊಂಡು ಬಂದರು. ಕೊಟ್ಟೆ.

ಜಾಗ 30 ಅಡಿಗೆ 20 ಅಡಿ ಇರಬಹುದು. ಇದು ಮೂರನೇ ಬೇಸಿಗೆ. ಮೊದಲು ದಿನಕ್ಕೆ ಸುಮಾರು 200 ಲೀಟರ್ ಹೋಗುತ್ತಿತ್ತು. ಈಗ ಸುಡು ಬಿಸಿಲಲ್ಲೂ ವಾರಕ್ಕೊಂದು ಸಲ, 500ರ ಆಸುಪಾಸು. ಮಳೆಗಾಲದಲ್ಲಿ ಪೈಪು ಸುತ್ತಿ ಮೂಲೆಗಿಡುತ್ತೇನೆ.

ಕಣ್ಣು ತೆರೆಸಿದ್ದು ಒಂದು ಕಬ್ಬಿಣದ ಸರಳು. ಒಂದು ಸಂಜೆ ನೀರು ಹಾಕಿ, ಅರ್ಧ ಗಂಟೆ ಬಿಟ್ಟು, ದಾಸವಾಳದ ಬುಡದ ಪಕ್ಕ ಚುಚ್ಚಿದೆ. ಎರಡು ಇಂಚು ಸಲೀಸಾಗಿ ಇಳಿಯಿತು, ಆಮೇಲೆ ಟಕ್ ಅಂತ ನಿಂತಿತು. ಅಗೆದು ನೋಡಿದರೆ ಕೆಳಗೆ ಬರೀ ಧೂಳು, ಬೇರೆಲ್ಲಾ ಮೇಲೆಯೇ ಚಾಪೆ ಹಾಸಿದ ಹಾಗೆ ಹರಡಿಕೊಂಡಿವೆ. ಇಷ್ಟು ವರ್ಷ ಬಿಸಿಲಿಗೆ ನೀರು ಕುಡಿಸಿದ್ದೆ ಅಷ್ಟೇ.

ಗೊತ್ತಾದ ಉತ್ಸಾಹದಲ್ಲಿ ನಡುಬೇಸಿಗೆಯಲ್ಲೇ ನೀರು ಕಡಿಮೆ ಮಾಡಿದೆ. ಹತ್ತೋ ಹನ್ನೊಂದೋ ಗಿಡ ಹೋದವು. ಮೇಲ್ಬೇರಿನ ಗಿಡ ಹಾಗೆ ತಡೆಯಲ್ಲ. ಮಳೆ ಹಿಡಿಯುವಾಗ ನೆಡಬೇಕು, ಬೇರು ಇಳಿಯೋಕೆ ಒಂದು ವರ್ಷ ಕೊಡಬೇಕು, ಎರಡು ದಿನ, ನಾಲ್ಕು ದಿನ, ವಾರ ಅಂತ ಅಂತರ ಎಳೆಯಬೇಕು, ಹಾಕಿದ ದಿನ ಮಾತ್ರ ಸರಳು ಒಂದಡಿ ಇಳಿಯುವಷ್ಟು ಹಾಕಬೇಕು. ಬರ ತಡೆಯೋ ಗಿಡ ಅಂತ ಮೊದಲ ವರ್ಷವೇ ಒಣಗಿಸಿದರೆ ಕಣಗಿಲೆಯೂ ಸಾಯುತ್ತೆ.

ದುಡ್ಡು ಕಳೆದದ್ದು ಎಲ್ಲೆಲ್ಲಿ ಅಂತ ಕೇಳಿ. ಎಲ್ಲಕ್ಕಿಂತ ಜಾಸ್ತಿ ತಿಂದದ್ದು ಹುಲ್ಲುಹಾಸು. ಹಾಸೋಕೂ ಕೊಟ್ಟೆ, ಕಿತ್ತು ಎಸೆಯೋಕೂ ಕೊಟ್ಟೆ. ನೀರು ಹಿಡಿದಿಡುವ ಜೆಲ್ ಪುಡಿ ಹಾಕಿದೆ, ಹಾಕಿದ ಗಿಡಕ್ಕೂ ಹಾಕದ್ದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ. ಡ್ರಿಪ್ ಹಾಕಿಸುವಾಗ ಫಿಲ್ಟರ್ ಯಾಕೆ ಅಂತ ಜುಗ್ಗತನ ಮಾಡಿದೆ, ಮೂರೇ ತಿಂಗಳಿಗೆ ಅರ್ಧ ಡ್ರಿಪ್ಪರ್ ಕಟ್ಟಿಕೊಂಡವು. ಅವುಗಳಲ್ಲಿ ಬಿಳಿ ಸುಣ್ಣ ಕಟ್ಟಿದವನ್ನು ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿದೆ, ಬಿಟ್ಟಿತು. ಆದ್ರೆ ಕೂತು ಒಂದೊಂದೇ ಕಿತ್ತು ಹಾಕೋ ಕೆಲಸ ಶತ್ರುವಿಗೂ ಬೇಡ. ಲ್ಯಾವೆಂಡರ್ ಕಥೆ ಉಲ್ಟಾ. ಬೇಸಿಗೆ ಪೂರ್ತಿ ಜಗ್ಗಲಿಲ್ಲ, ಮಳೆಗಾಲದಲ್ಲಿ ನೀರು ನಿಂತು ನಾಲ್ಕೂ ಬುಡ ಕೊಳೆತವು. ಈಗ ಅಂಥವನ್ನೆಲ್ಲಾ ಒಂದಡಿ ಎತ್ತರದ ಕಲ್ಲುಮಣ್ಣಿನ ಗುಡ್ಡೆಯ ಮೇಲೇ ನೆಡೋದು.

ಒಣ ಎಲೆ ಹೊದಿಕೆ ಮೂರು ಇಂಚು ಸಾಕು. ಮೊದಲ ಸಲ ಕಾಂಡಕ್ಕೇ ಒತ್ತಿ ಗುಡ್ಡೆ ಹಾಕಿದ್ದೆ, ಗೆದ್ದಲು ಹಬ್ಬ ಮಾಡಿದವು. ಈಗ ಸುತ್ತ ಒಂದು ಗೇಣು ಬಿಡುತ್ತೇನೆ. ಎಲೆಯ ಕೆಳಗೆ ಇನ್ನೊಂದು ತೆಳು ಪದರ ಹಾಕುತ್ತೇನೆ. ಅದೇನು ಅಂತ ಸದ್ಯಕ್ಕೆ ಹೇಳಲ್ಲ, ಇನ್ನೊಂದು ಬೇಸಿಗೆ ದಾಟಲಿ.

ನಡುವೆ ನೀರು ತುಂಬಿದ ಮಣ್ಣಿನ ಮಡಕೆಯನ್ನು ಗಿಡದ ಪಕ್ಕ ಹೂತು, ನೀರು ತಾನಾಗಿ ಬೇರಿಗೆ ಜಿನುಗೋಕೆ ಬಿಡುವ ಹುಚ್ಚೂ ಹಿಡಿದಿತ್ತು. ಆರು ಹೂತೆ, ನಾಲ್ಕರಲ್ಲಿ ನೀರು ಮೂರ್ನಾಲ್ಕು ದಿನಕ್ಕೆ ಖಾಲಿ, ಎರಡರಲ್ಲಿ ವಾರವಾದರೂ ಹಾಗೇ ಇದೆ. ತೆಗೆದು ನೋಡಿದರೆ ಹೊರಗೆ ಬಣ್ಣ ಬಳಿದಿದ್ದಾರೆ! ಜಿನುಗೋದು ಎಲ್ಲಿಂದ? ಮರಳು ಕಾಗದದಲ್ಲಿ ಉಜ್ಜಿ ಮತ್ತೆ ಹೂತೆ.

ಕಾಗದದ ಹೂವಿನ ಬಳ್ಳಿಗೆ ಗೊಬ್ಬರ, ನೀರು ಎರಡೂ ಸುರಿದಾಗ ಬರೀ ಎಲೆ. ಬಾಯಾರಿಸಿದ ಮೇಲೆ ಗೋಡೆ ತುಂಬಾ ಹೂ. ಎಷ್ಟು ದಿನ ಬಾಯಾರಿಸೋದು ಅನ್ನೋದನ್ನು ನೀವೇ ಎಲೆ ನೋಡಿ ಕಲಿಯಿರಿ.

ಚಳಿಗಾಲದಲ್ಲಿ 10-12 ದಿನಕ್ಕೊಮ್ಮೆ ನೀರು. ಮಳೆ ಮುಗಿದ ಮೇಲೆ ಕೊಂಬೆಗಳನ್ನು ಒಂದಿಷ್ಟು ಸವರುತ್ತೇನೆ. ಬೇಸಿಗೆಯಲ್ಲಿ ಕತ್ತರಿ, ಗೊಬ್ಬರ ಎರಡನ್ನೂ ಮುಟ್ಟಲ್ಲ, ಎಳೆ ಚಿಗುರು ಬಂದರೆ ಅದಕ್ಕೆ ನೀರು ಯಾರು ಕೊಡೋದು?

ಮಧ್ಯಾಹ್ನ ಎಲೆ ಜೋತುಬಿದ್ದಿದ್ದು ಕಂಡು ಪೈಪು ಹಿಡಿದು ಓಡಬೇಡಿ. ಬೆಳಿಗ್ಗೆ ಹೋಗಿ ನೋಡಿ, ಎದ್ದು ನಿಂತಿದ್ದರೆ ಸುಮ್ನೆ ವಾಪಸ್ ಬನ್ನಿ. ನನ್ನ ಮಲ್ಲಿಗೆ ಮಾತ್ರ ಇನ್ನೂ ಬಗ್ಗಿಲ್ಲ, ದಿನ ಬಿಟ್ಟು ದಿನ ಕೇಳುತ್ತೆ. ಉಜ್ಜಿದ ಮಡಕೆಗಳಲ್ಲಿ ಒಂದನ್ನು ಅದರ ಬುಡಕ್ಕೆ ಹೂತಿದ್ದೇನೆ, ನೋಡೋಣ.