ಲೂಪಿಗೆ ಕರೆಂಟ್ ಕೊಡುವವರು ಯಾರು?

ಮುಧೋಳ ಸುತ್ತಮುತ್ತಲಿನ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಹತ್ತಿರ ಬಂತೆಂದರೆ ಇನ್‌ಸ್ಟ್ರುಮೆಂಟ್ ವಿಭಾಗದವರಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಈ ಸಲ ನನ್ನ ಪಾಲಿಗೆ ಬಂದದ್ದು ರಸ ಕುದಿಸಿ ಸಕ್ಕರೆ ಮಾಡುವ ಬಾಯ್ಲಿಂಗ್ ಹೌಸ್‌ನ ಪಿಎಲ್‌ಸಿ (ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್) ಪ್ಯಾನೆಲ್. ಅನಲಾಗ್ ಇನ್‌ಪುಟ್‌ಗಳನ್ನೆಲ್ಲ, ಅಂದರೆ ಮಟ್ಟ, ಹರಿವು, ಉಷ್ಣತೆಗಳ ಅಳತೆ ತರುವ ತಂತಿಗಳನ್ನೆಲ್ಲ, ಬಿಚ್ಚಿ ಹೊಸದಾಗಿ ಜೋಡಿಸಬೇಕಿತ್ತು. ಹಿಂದಿನ ಗುತ್ತಿಗೆದಾರರು ಅರ್ಧಕ್ಕರ್ಧ ತಂತಿಗಳಿಗೆ ಫೆರೂಲ್ (ತುದಿಗೆ ತೊಡಿಸುವ ನಂಬರಿನ ಕೊಳವೆ) ಹಾಕಿರಲಿಲ್ಲ. ಆ ಪುಣ್ಯಾತ್ಮರನ್ನು ನೆನೆಯುತ್ತಲೇ ಒಂದೊಂದಕ್ಕೂ ಕಂಟಿನ್ಯುಟಿ (ಯಾವ ತುದಿ ಯಾವುದಕ್ಕೆ ಸೇರಿದೆ ಎಂದು) ನೋಡಿ ನಂಬರ್ ಕೊಟ್ಟೆವು.

ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಪಟ್ಟಿ ಮಾಡಿಕೊಂಡೆ. ಟ್ಯಾಗ್ (ಉಪಕರಣದ ಗುರುತು), ರೇಂಜ್‌ಗಳ (ಅಳತೆಯ ವ್ಯಾಪ್ತಿ) ಪಕ್ಕದಲ್ಲಿ ಇನ್ನೊಂದು ಕಾಲಂ: ಈ ಲೂಪಿಗೆ (ಅಳತೆಯ ಕರೆಂಟ್ ಸುತ್ತುವ ತಂತಿಗಳ ಸರ್ಕ್ಯೂಟಿಗೆ) ಕರೆಂಟ್ ಕೊಡುವುದು ಪಿಎಲ್‌ಸಿಯ ಇನ್‌ಪುಟ್ ಮಾಡ್ಯೂಲೋ, ಅಳೆದು ಕಳಿಸುವ ಟ್ರಾನ್ಸ್‌ಮಿಟರೋ? ನೇಮ್‌ಪ್ಲೇಟ್ ಮೇಲೆ 4–20 ಮಿಲಿಆಂಪಿಯರ್ (ಅಳತೆಯ ಕನಿಷ್ಠಕ್ಕೆ 4, ಗರಿಷ್ಠಕ್ಕೆ 20) ಎಂದು ಕಂಡೊಡನೆ ಎಲ್ಲವನ್ನೂ ಒಂದೇ ತೆರನಾಗಿ ಜೋಡಿಸಿಬಿಡುವವರೇ ಹೆಚ್ಚು.

ರಸದ ನೀರು ಆವಿ ಮಾಡುವ ಇವ್ಯಾಪೊರೇಟರ್‌ನಲ್ಲಿ ರಸದ ಮಟ್ಟ ಅಳೆಯುವ ನಮ್ಮ ಡಿಪಿ (ಒತ್ತಡದ ವ್ಯತ್ಯಾಸದ) ಟ್ರಾನ್ಸ್‌ಮಿಟರ್ ಎರಡು ತಂತಿಯದು. ಅದಕ್ಕೆ ಸ್ವಂತ ಸಪ್ಲೈ ಇಲ್ಲ. ಮಾಡ್ಯೂಲ್ ಕೊಡುವ 24 ವೋಲ್ಟ್ ಡಿಸಿಯಿಂದ ಹರಿದು ಬರುವ ಕರೆಂಟನ್ನೇ ನಲ್ಲಿಯಂತೆ ಬಿಗಿ ಮಾಡುತ್ತ ಸಡಿಲಿಸುತ್ತ ಅಳತೆ ಹೇಳುತ್ತದೆ. ಕಚ್ಚಾ ರಸದ ಹರಿವು ಅಳೆಯುವ ಮ್ಯಾಗ್ನೆಟಿಕ್ ಫ್ಲೋ ಮೀಟರ್ ಹಾಗಲ್ಲ. ಅದು ನಾಲ್ಕು ತಂತಿಯದು: ಎರಡರಲ್ಲಿ 230 ವೋಲ್ಟ್ ತೆಗೆದುಕೊಂಡು ಇನ್ನೆರಡರಲ್ಲಿ ಕರೆಂಟನ್ನು ತಾನೇ ಹೊರಗೆ ಕಳಿಸುತ್ತದೆ. ಇದನ್ನು ಎರಡು ತಂತಿಗೆ ಹೊಂದಿಸಿದ ಚಾನೆಲ್‌ಗೆ (ಮಾಡ್ಯೂಲ್‌ನ ಒಂದು ಇನ್‌ಪುಟ್‌ಗೆ) ಕೊಟ್ಟರೆ ಎರಡೂ ಸಪ್ಲೈಗಳು ಎದುರುಬದುರಾಗುತ್ತವೆ. ರೀಡಿಂಗ್ ಕೆಡುವುದು ಖಂಡಿತ, ಕೆಲವೊಮ್ಮೆ ಚಾನೆಲ್ಲೇ ಸುಡುತ್ತದೆ.

ನಮ್ಮದು ಸೀಮೆನ್ಸ್ ಎಸ್7-300ರ ಎಂಟು ಚಾನೆಲ್‌ಗಳ ಮಾಡ್ಯೂಲ್. ಅದರ ಪಕ್ಕದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಪುಟ್ಟ ಬಿಲ್ಲೆಗಳಿರುತ್ತವೆ. ಸ್ಕ್ರೂಡ್ರೈವರ್‌ನಿಂದ ಮೀಟಿ ತೆಗೆದು, ನಾಲ್ಕು ತಂತಿಗಾದರೆ ಸಿ, ಎರಡು ತಂತಿಗಾದರೆ ಡಿ ಅಕ್ಷರ ಬಾಣದ ಗುರುತಿಗೆ ಬರುವಂತೆ ತಿರುಗಿಸಿ ಕೂರಿಸಬೇಕು. ಒಂದು ಬಿಲ್ಲೆ ಎರಡು ಚಾನೆಲ್‌ಗಳಿಗೆ ಸೇರಿದ್ದು. ಹೀಗಾಗಿ ಫ್ಲೋ ಮೀಟರ್ ಮತ್ತು ಡಿಪಿಯನ್ನು ಒಂದೇ ಜೋಡಿಯಲ್ಲಿ ಇಡುವಂತಿಲ್ಲ. ನನ್ನ ಪಟ್ಟಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಇಲ್ಲಿ. ಸಾಫ್ಟ್‌ವೇರ್‌ನಲ್ಲೂ ಅದೇ ಆಯ್ಕೆ ಮಾಡಬೇಕು. ಬಿಲ್ಲೆ ಒಂದು ಹೇಳಿ ಪ್ರೋಗ್ರಾಮ್ ಇನ್ನೊಂದು ಹೇಳಿದರೆ ಮಾಡ್ಯೂಲ್‌ನ ಕೆಂಪು ದೀಪ ಹತ್ತುತ್ತದೆ.

ರಸದ ಹೀಟರ್‌ಗಳಲ್ಲಿರುವುದು ಪಿಟಿ-100, ಉಷ್ಣತೆ ಅಳೆಯುವ ಪ್ಲಾಟಿನಂ ಸೆನ್ಸರ್. ಅದರ ರೋಧ ಸೊನ್ನೆ ಡಿಗ್ರಿಯಲ್ಲಿ 100 ಓಂ, ಆಮೇಲೆ ಡಿಗ್ರಿಗೆ ಸುಮಾರು 0.385 ಓಂ ಏರುತ್ತದೆ. ಅಂದರೆ ತಂತಿಯಲ್ಲೇ ಒಂದು ಓಂ ಸೇರಿಕೊಂಡರೆ ಎರಡೂವರೆ ಡಿಗ್ರಿ ಸುಳ್ಳು. ಮೂರು ತಂತಿ ಎಳೆದು ಸರಿದೂಗಿಸಬಹುದು. ಆದರೆ ದೂರ ಹೆಚ್ಚಿದ್ದರಿಂದ ಸೆನ್ಸರ್ ತಲೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಕೂರಿಸಿದೆ. ಆಗ ಅದೂ ಎರಡು ತಂತಿಯ ಬಳಗಕ್ಕೆ ಸೇರಿತು, ಬಿಲ್ಲೆ ಡಿ.

ಸಿಗ್ನಲ್‌ಗೆ ವಿದ್ಯುತ್ ಗದ್ದಲ ಸೇರದಿರಲೆಂದು ಕೇಬಲ್‌ಗಳ ಶೀಲ್ಡನ್ನು (ಲೋಹದ ಹೊದಿಕೆಯನ್ನು) ಪ್ಯಾನೆಲ್ ಕಡೆ ಮಾತ್ರ ಅರ್ಥ್ ಮಾಡಿ, ಫೀಲ್ಡ್ ಕಡೆ ಕತ್ತರಿಸಿ ಟೇಪ್ ಸುತ್ತಿದೆ. ಅದಕ್ಕೇ ಪಂಪ್‌ಗಳ ವಿಎಫ್‌ಡಿ (ಮೋಟರ್ ವೇಗ ಬದಲಿಸುವ ಸಾಧನ) ಕೇಬಲ್‌ಗಳ ಟ್ರೇಯಲ್ಲಿ ಸಿಗ್ನಲ್ ಕೇಬಲ್ ಹಾಕಲು ಬಿಡಲಿಲ್ಲ. ಜಾಗವಿಲ್ಲ ಎಂದು ಎಲೆಕ್ಟ್ರಿಕಲ್ ವಿಭಾಗದವರು ಗೊಣಗಿದರು, ಗೊಣಗಲಿ.

ಕೊನೆಗೆ ಲೂಪ್ ಪರೀಕ್ಷೆ. 4 ಮಿಲಿಆಂಪಿಯರ್ ಕೊಟ್ಟಾಗ ಪಿಎಲ್‌ಸಿಯ ಎಣಿಕೆ 0, 12ಕ್ಕೆ 13824, 20ಕ್ಕೆ 27648 ಬರಬೇಕು. ಪರೀಕ್ಷೆಯ ಕರೆಂಟಿನ ಕ್ಯಾಲಿಬ್ರೇಟರ್ ಹಚ್ಚುವಾಗಲೂ ನನ್ನ ಆ ಕಾಲಂ ನೋಡಿಯೇ ಮುಂದುವರಿದೆ: ಫ್ಲೋ ಮೀಟರ್‌ನ ಚಾನೆಲ್‌ಗೆ ತಾನೇ ಕರೆಂಟ್ ಕೊಡುವ ಸೋರ್ಸ್ ಮೋಡ್, ಡಿಪಿಯ ಚಾನೆಲ್‌ಗೆ ಮಾಡ್ಯೂಲ್‌ನ ಕರೆಂಟನ್ನೇ ಬಿಗಿ ಮಾಡುವ ಸಿಮ್ಯುಲೇಟ್ ಮೋಡ್.