ಚಾರ್ಮಾಡಿಯಲ್ಲಿ ಮೂರು ಸಲ ನಿಂತ ನನ್ನ 800

ಈ ಮೇ ತಿಂಗಳಲ್ಲಿ ನನ್ನ 98ರ ಮಾರುತಿ 800 ಉಜಿರೆಯಲ್ಲಿ ಫುಲ್ ಟ್ಯಾಂಕ್ ಮಾಡಿಸಿಕೊಂಡು, ನಾಲ್ಕು ಜನ ಮತ್ತು ಒಂದು ಮೂಟೆ ತೆಂಗಿನಕಾಯಿ ಹೊತ್ತು, ಎಲ್ಲೂ ಕೆಟ್ಟು ನಿಲ್ಲದೆ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ಮುಟ್ಟಿತು. ಮಧ್ಯಾಹ್ನ ಎರಡೂವರೆ, ಸುಡುವ ಬಿಸಿಲು. ಇದು ಸಾಧ್ಯವೇ ಇಲ್ಲ ಎಂದು ಮೂವರು ಮೆಕ್ಯಾನಿಕ್‌ಗಳು ಹೇಳಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾರು ತಗೊಂಡಿದ್ದು ಹಾಸನದಲ್ಲಿ, ಬ್ರೋಕರ್ ಮೂಲಕ. ಕಾರ್ಬುರೇಟರ್ ಗಾಡಿ, ನಾಲ್ಕು ಗೇರ್. ಊರೊಳಗೆ ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಧರ್ಮಸ್ಥಳಕ್ಕೆ ಹೋಗಿ ವಾಪಸ್ ಬರುವಾಗ ಮಾತ್ರ ಘಾಟಿ ಹತ್ತುತ್ತಾ ಹತ್ತುತ್ತಾ ಎಳೆತ ಕಡಿಮೆಯಾಗಿ, ಎರಡು ಸಲ ಜರ್ಕ್ ಹೊಡೆದು ನಿಂತುಬಿಡುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್. ಹಾಗೆ ನಿಂತಿದ್ದು ಎರಡು ಸಲ, ಎರಡೂ ಸಲ ಹೆಚ್ಚುಕಮ್ಮಿ ಒಂದೇ ತಿರುವಿನಲ್ಲಿ. ಘಾಟಿಯ ಗುಡಿಯಲ್ಲಿ ಅಣ್ಣಪ್ಪ ಸ್ವಾಮಿಗೆ ಕಾಯಿ ಒಡೆಯದೆ ಬಂದೆಯಾ ಎಂದು ಅಮ್ಮ ಕೇಳಿದರು. ಒಡೆದೇ ಬಂದಿದ್ದೆ.

ಘಾಟಿ, ಬಿಸಿ, ಅರ್ಧ ಗಂಟೆ ಎಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು, ವೇಪರ್ ಲಾಕ್. ಅಂದರೆ ಬಿಸಿಗೆ ಪೆಟ್ರೋಲ್ ದಾರಿಯಲ್ಲೇ ಆವಿಯಾಗಿ ಎಂಜಿನ್ ಮುಟ್ಟದಿರುವುದು. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ ಎಂದರು. ಹಾಕಿದೆ, ಸ್ಟಾರ್ಟ್ ಆಯಿತು. ಆ ಒದ್ದೆ ಬಟ್ಟೆಯೇ ನನ್ನ ದಾರಿ ತಪ್ಪಿಸಿದ್ದು. ಬಟ್ಟೆ ಹಾಕಿ ಕಾಯುತ್ತೇವಲ್ಲ, ಕೆಲಸ ಮಾಡುತ್ತಿದ್ದುದು ಆ ಕಾಯುವಿಕೆ.

ಆಮೇಲೆ ದುಡ್ಡು ಹೋಗಲು ಶುರುವಾಯಿತು. ಮೊದಲು ಹೊಸ ಪಂಪ್, ಸಾವಿರದ ಇನ್ನೂರೋ ಮುನ್ನೂರೋ. ಕಾರ್ಬುರೇಟರ್ ಕಿಟ್, ಕೂಲಿ ಸೇರಿ ಒಂದೂವರೆ ಸಾವಿರ. ಇಗ್ನಿಷನ್ ಕಾಯಿಲ್ ಬದಲಾಯಿಸಿದರು, ಒಂಬೈನೂರು. ರೇಡಿಯೇಟರ್ ಬಿಚ್ಚಿಸಿ ತೊಳೆಸಿದೆ, ಅದು ಎರಡು ಸಾವಿರ. ಎರಡನೇ ಸಲ ನಿಂತಾಗ ತಾಳ್ಮೆ ಕೆಟ್ಟು ಟೋ ಮಾಡಿಸಿದ್ದಕ್ಕೇ ಐದು ಸಾವಿರದ ಹತ್ತಿರ. ಎಲ್ಲಾ ಸೇರಿ ಹತ್ತು ಸಾವಿರ ದಾಟಿತು. ಟೋ ಗಾಡಿಯಿಂದ ಇಳಿಸಿದ ಮೇಲೆ ಗ್ಯಾರೇಜ್ ಅಂಗಳದಲ್ಲಿ ಒಂದೇ ಕೀಗೆ ಸ್ಟಾರ್ಟ್ ಆಯಿತು. ಅವತ್ತು ನನಗಾದ ಸಂಕಟ ಯಾರಿಗೂ ಬೇಡ.

ಅವತ್ತೇ ಒಂದು ನೋಟ್‌ಬುಕ್ ಇಟ್ಟೆ. ಎಲ್ಲಿ ನಿಂತಿತು ಎಂಬುದರ ಜೊತೆಗೆ, ಪೆಟ್ರೋಲ್ ಹಾಕಿಸಿ ಎಷ್ಟು ಕಿಲೋಮೀಟರ್ ಆಗಿತ್ತು ಎಂದೂ ಬರೆದೆ. ಹಾಸನದಿಂದ ಹೊರಡುವಾಗ ಸುಮ್ನೆ ಐನೂರು ರೂಪಾಯಿಗೆ ಹಾಕಿಸುತ್ತೇನೆ. ವಾಪಸ್ ಬರುವಾಗ ಘಾಟಿ ಇದೆಯಲ್ಲ ಎಂದು ಉಜಿರೆಯಲ್ಲಿ ಫುಲ್. ಎರಡು ಸಲವೂ ಫುಲ್ ಮಾಡಿಸಿದ ಮೇಲೆ ಸುಮಾರು 28–30 ಕಿಲೋಮೀಟರ್‌ಗೆ ನಿಂತಿದೆ. ಒಂದೇ ತಿರುವು ಯಾಕೆ ಎಂಬುದಕ್ಕೆ ಉತ್ತರ ಅಲ್ಲೇ ಸಿಕ್ಕಿತು. ಒಂದೇ ಬಂಕ್, ಒಂದೇ ಅಳತೆ, ಅದಕ್ಕೆ ಒಂದೇ ತಿರುವು.

ಟ್ಯಾಂಕ್ ತುಂಬಿದಾಗ ಒಳಗೆ ಗಾಳಿಗೆ ಜಾಗ ಕಡಿಮೆ. ಒಂದೆರಡು ಲೀಟರ್ ಎಳೆದರೂ, ಹೊರಗಿನಿಂದ ಗಾಳಿ ಬರದಿದ್ದರೆ, ಒಳಗೆ ನಿರ್ವಾತ. ಪಂಪ್ ಎಷ್ಟು ಅಂತ ಎಳೆಯಬೇಕು? ಅರ್ಧ ಟ್ಯಾಂಕ್ ಇದ್ದರೆ ಗಾಳಿ ಜಾಸ್ತಿ, ತಡೆದುಕೊಳ್ಳುತ್ತದೆ. ರಾತ್ರಿ ನಿಲ್ಲಿಸಿದರೆ ಸಣ್ಣ ಸಂದಿಯಲ್ಲಿ ಗಾಳಿ ಜಿನುಗಿ ಎಲ್ಲಾ ಸರಿ. ಊರೊಳಗೆ ನಿಲ್ಲದ ಗುಟ್ಟೂ ಇದೇ.

ಇದನ್ನು ಹೇಳಿದರೆ ಯಾರೂ ಒಪ್ಪಲಿಲ್ಲ. ಅದಕ್ಕೆ ಜನವರಿಯ ಒಂದು ಬೆಳಗ್ಗೆ ಆರು ಗಂಟೆಗೆ, ಮಂಜು ಬೀಳುತ್ತಿರುವಾಗ, ಹಾಸನದಲ್ಲೇ ಫುಲ್ ಮಾಡಿಸಿ ಬೇಲೂರು ರಸ್ತೆ ಹಿಡಿದೆ. ಘಾಟಿ ಇಲ್ಲ, ಬಿಸಿಲಿಲ್ಲ. ಬೇಲೂರು ಇನ್ನೂ ಸಿಕ್ಕಿರಲಿಲ್ಲ, ಜರ್ಕ್ ಹೊಡೆದು ನಿಂತಿತು. ಬಾನೆಟ್ ಮುಟ್ಟಲೇ ಇಲ್ಲ. ನೇರ ಹಿಂದೆ ಹೋಗಿ, ಕೀ ಹಾಕಿ, ಟ್ಯಾಂಕಿನ ಮುಚ್ಚಳವಾದ ಪೆಟ್ರೋಲ್ ಕ್ಯಾಪ್ ತಿರುಗಿಸಿದೆ. ಸ್‌ಸ್‌ಸ್ ಎಂದು ಎರಡು ಸೆಕೆಂಡ್ ಗಾಳಿ ಒಳಗೆ ಎಳೆದುಕೊಂಡಿತು. ಐದಾರು ಸಲ ಸೆಲ್ಫ್ ಹೊಡೆದೆ, ಎಂಜಿನ್ ಗುರ್ ಎಂದಿತು. ಆ ಚಳಿಯಲ್ಲಿ ರಸ್ತೆ ಬದಿ ನಿಂತು ನಾನೊಬ್ಬನೇ ಚಪ್ಪಾಳೆ ತಟ್ಟಿದೆ.

ಈ ಕ್ಯಾಪ್ ಗಾಳಿ ಬಿಡುತ್ತಿಲ್ಲ ಎಂದರೆ ಮೆಕ್ಯಾನಿಕ್ ಆಗಲೂ ಒಪ್ಪಲಿಲ್ಲ. "ಈ ಕೀ ಕ್ಯಾಪ್ ಹತ್ತು ಗಾಡಿಗೆ ಹಾಕಿದ್ದೀನಿ ಸಾರ್, ಒಂದೂ ನಿಂತಿಲ್ಲ" ಎಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಹುಡುಕುತ್ತಾ ಒಂದೆರಡು ಪ್ರಯೋಗ ಮಾಡಿದೆ. ಕ್ಯಾಪ್ ತೆಗೆದು ಟ್ಯಾಂಕ್ ಬಾಯಿಗೆ ತೆಳು ಪ್ಲಾಸ್ಟಿಕ್ ಕವರ್ ಕಟ್ಟಿ, ರಬ್ಬರ್ ಬ್ಯಾಂಡ್ ಬಿಗಿದು, ಬಯಲಲ್ಲಿ ಎಂಜಿನ್ ಐಡಲ್‌ಗೆ ಬಿಟ್ಟೆ. ಹತ್ತು ನಿಮಿಷಕ್ಕೆ ಕವರ್ ಹೊಕ್ಕುಳಿನ ಹಾಗೆ ಒಳಕ್ಕೆ ಎಳೆದುಕೊಂಡು ಬಿಗಿಯಾಯಿತು. ಪಕ್ಕದ ಮನೆಯವರ 800ಗೂ ಹಾಗೇ ಕಟ್ಟಿ ನೋಡಿದೆ, ಅಲ್ಲಿ ಕವರ್ ಸಡಿಲವಾಗೇ ಇತ್ತು. ಅಂದರೆ ಕ್ಯಾಪ್ ಬಿಟ್ಟು ಗಾಳಿಗೆ ಇನ್ನೊಂದು ದಾರಿ ಇದೆ, ನನ್ನ ಕಾರಿನಲ್ಲಿ ಅದು ಮುಚ್ಚಿದೆ. ಒಬ್ಬ ಗೆಳೆಯ ಎಲೆಕ್ಟ್ರಿಕ್ ಪಂಪ್ ಕೊಟ್ಟ. ಅದನ್ನು ಹಾಕಿದರೆ ಇನ್ನೊಂದು ಏಳೆಂಟು ಕಿಲೋಮೀಟರ್ ಜಾಸ್ತಿ ಹೋಯಿತು, ಆದರೆ ಹಿಂದಿನಿಂದ ಟಣ್ ಎಂದು ಸದ್ದು. ಟ್ಯಾಂಕಿನ ತಗಡು ಒಳಕ್ಕೆ ಎಳೆದುಕೊಳ್ಳುವ ಸದ್ದು ಅದು. ಅಲ್ಲಿಗೇ ಬಿಚ್ಚಿಟ್ಟೆ. ನೀವು ಆ ದಾರಿಗೆ ಹೋಗಲೇಬೇಡಿ.

ಮುಂದಿನದು ಈಗಲೂ ನಂಬಲು ಕಷ್ಟ. ಫೆಬ್ರವರಿಯಲ್ಲಿ ಅಳಿಯನನ್ನು ಕೂರಿಸಿಕೊಂಡು, ಬೇಕೆಂದೇ ಉಜಿರೆಯಲ್ಲಿ ಫುಲ್ ಮಾಡಿಸಿ ಘಾಟಿ ಹತ್ತಿದೆ. ಮೊಬೈಲ್‌ನಲ್ಲಿ ವಿಡಿಯೋ ಮಾಡಿ ಮೆಕ್ಯಾನಿಕ್‌ಗೆ ತೋರಿಸುವ ಉದ್ದೇಶ. ಅದೇ ತಿರುವಿನಲ್ಲಿ ನಿಂತಿತು. ಕ್ಯಾಪ್‌ಗೆ ಕೀ ಹಾಕುತ್ತಿರುವಾಗ ಮೇಲಿನಿಂದ ಬಂದ ಜೀಪ್ ಒಂದು ನಿಂತು, ಅರವತ್ತರ ಆಸುಪಾಸಿನವರೊಬ್ಬರು ಇಳಿದರು. ಏನಾಯಿತು ಎಂದೂ ಕೇಳಲಿಲ್ಲ. ಹಿಂದಿನ ಬಂಪರ್‌ನ ಎಡ ಮೂಲೆಯ ತಗ್ಗಿನ ಮೇಲೆ ಕೈಯಾಡಿಸಿ, "ಇದು ನಮ್ಮ ಕಾರು ಅಲ್ವಾ?" ಎಂದರು.

ನಾನು ಸುಮ್ಮನೆ ನೋಡಿದೆ. "ಗ್ಲೋವ್ ಬಾಕ್ಸ್ ಮುಚ್ಚಳದ ಒಳಗೆ ನೋಡಿ, ನನ್ನ ಮಗಳು ಮೊಳೆಯಲ್ಲಿ 'ಶ' ಎಂದು ಗೀಚಿದ್ದಾಳೆ" ಎಂದರು. ಅಳಿಯ ತೆಗೆದು ನೋಡಿದ. ಇತ್ತು. ಮಗು ಬರೆದ ಸೊಟ್ಟ 'ಶ', ಒಂದು ಗೆರೆ ಎರಡು ಸಲ ಕೊರೆದಿದ್ದಳು. ನಾನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ.

ಅವರು ಕರಾವಳಿ ಕಡೆಯವರು. ಕಾರು ಎರಡು ಕೈ ಬದಲಾಗಿ ನನ್ನ ಹತ್ತಿರ ಬಂದಿತ್ತು. ನನ್ನ ಕೈಯಲ್ಲಿದ್ದ ಕ್ಯಾಪ್ ನೋಡಿ, "ಇದು ನಮ್ಮದಲ್ಲ, ನಾನು ಕೊಡುವಾಗ ಕಂಪನಿಯದ್ದೇ ಇತ್ತು" ಎಂದರು. ಆಮೇಲೆ ಅವರು ಹೇಳಿದ್ದು ನನಗೆ ಬೇಕಿದ್ದ ಮಾತು. ಸಮುದ್ರದ ಗಾಳಿಗೆ ತುಕ್ಕು ಹಿಡಿಯುತ್ತದೆಂದು ಕಾರಿನ ಅಡಿಗೆಲ್ಲಾ ದಪ್ಪ ರಬ್ಬರ್ ಕೋಟಿಂಗ್ ಹೊಡೆಸಿದ್ದರಂತೆ.

ಅಲ್ಲೇ ರಸ್ತೆ ಬದಿ ಮಲಗಿ ಟಾರ್ಚ್ ಬಿಟ್ಟೆ. ಟ್ಯಾಂಕಿನೊಳಕ್ಕೆ ಗಾಳಿ ಬಿಡುವ ಉಸಿರು ಪೈಪ್‌ನ ತುದಿ ಕೋಟಿಂಗ್‌ನಲ್ಲಿ ಪೂರ್ತಿ ಮುಚ್ಚಿಹೋಗಿತ್ತು. ಕಂಪನಿ ಕ್ಯಾಪ್ ಗಾಳಿ ಬಿಡುತ್ತಿದ್ದ ಕಾರಣ ಅವರಿಗೆ ತೊಂದರೆ ಆಗಲಿಲ್ಲ. ಆಮೇಲೆ ಯಾರೋ ಕೀ ಕ್ಯಾಪ್ ಹಾಕಿದರು, ಎರಡನೇ ದಾರಿಯೂ ಬಂದ್. ಮೆಕ್ಯಾನಿಕ್ ಹೇಳಿದ ಹತ್ತು ಗಾಡಿಗಳಿಗೆ ಕೋಟಿಂಗ್ ಇರಲಿಲ್ಲ, ಅಷ್ಟೇ.

ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹಳೇ ಕಂಪನಿ ಕ್ಯಾಪ್ ಸಿಕ್ಕಿತು, ನೂರೈವತ್ತು ರೂಪಾಯಿ. ಬಾಯಿಟ್ಟು ಎಳೆದು, ಗಾಳಿ ಬರುತ್ತದೆಯೇ ನೋಡಿಯೇ ತಗೊಂಡೆ. ಉಸಿರು ಪೈಪನ್ನು ಟ್ಯಾಂಕ್ ಇಳಿಸದೆ ನಾನೇ ಬಿಡಿಸಿದೆ. ಹೇಗೆ ಎಂದು ಇಲ್ಲಿ ಬರೆಯುವುದಿಲ್ಲ. ಕೈ ತಪ್ಪಿದರೆ ಟ್ಯಾಂಕಿಗೇ ತೂತು, ಪೆಟ್ರೋಲ್ ಆವಿಯ ಜೊತೆ ಆಟ ಬೇರೆ. ಎದುರಿಗೆ ಸಿಕ್ಕವರಿಗೆ ತೋರಿಸುತ್ತೇನೆ.

ಮೇ ತಿಂಗಳ ಆ ಪ್ರಯಾಣದಲ್ಲಿ ಅಣ್ಣಪ್ಪ ಸ್ವಾಮಿಗೆ ಕಾಯಿ ಒಡೆದು ಹೊರಟೆ, ಆ ತಿರುವನ್ನು ಮೂರನೇ ಗೇರ್‌ನಲ್ಲಿ ದಾಟಿದೆ. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ಹೇಳಿ, ಹಳೇ ಯಜಮಾನರಿಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು, "ಆ 'ಶ' ಹಾಗೇ ಇಟ್ಟಿದ್ದೀರಿ ತಾನೇ?" ಇಟ್ಟಿದ್ದೇನೆ ಎಂದೆ.